ಚಕ್ರವರ್ತಿಯ ಮಗಳು ಮುಂದೆ ಏನಾದಳು

ಪುಣೆಯ ಕೋಥ್ರೂಡ್‌ನಲ್ಲಿರುವ ನಮ್ಮ ಚಿಕ್ಕಮ್ಮನ ಕಪಾಟಿನಲ್ಲಿ ಅಮ್ಹಾರಿಕ್ ಲಿಪಿಯ ಒಂದು ಜನನಪತ್ರವಿದೆ. ಧಾರವಾಡದಲ್ಲಿ ಗಣಿತ ಕಲಿಸುತ್ತಿದ್ದ ಚಿಕ್ಕಪ್ಪ, ಆ ಕಾಲದ ಅನೇಕ ಭಾರತೀಯ ಶಿಕ್ಷಕರಂತೆ, ಇಥಿಯೋಪಿಯಾದ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿ ಅಲ್ಲಿಗೆ ಹೋಗಿದ್ದರು. ಅವರ ಮಗಳು 1972ರ ಏಪ್ರಿಲ್‌ನಲ್ಲಿ ಅಡಿಸ್ ಅಬಾಬಾದ ರಾಜಕುಮಾರಿ ತ್ಸೆಹಾಯ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದಳು. ಪತ್ರದಲ್ಲಿ ಮಾತ್ರ ಇಸವಿ 1964 ಎಂದಿದೆ. ಅಲ್ಲಿನ ಕಾಲಗಣನೆ ನಮ್ಮದಕ್ಕಿಂತ ಏಳೆಂಟು ವರ್ಷ ಹಿಂದೆ. ಕಳೆದ ತಿಂಗಳು ಆ ಪತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದುಕೊಂಡು ಚಿಕ್ಕಮ್ಮ ಕೇಳಿದರು: "ಆ ಚಕ್ರವರ್ತಿ ಮಗಳನ್ನ ನಾವು ಬರೂ ಹೊತ್ತಿಗೆ ಹಿಡದು ಕೂಡಿಸಿದ್ರು. ಮುಂದ ಆಕಿ ಏನಾದಳು ಅಂತ ಓದಿ ಹೇಳ್ತೀಯೇನು?"

ಅವರು ಕೇಳಿದ್ದು ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಮತ್ತು ಸಾಮ್ರಾಜ್ಞಿ ಮೆನೆನ್ ಅವರ ಹಿರಿಯ ಮಗಳಾದ ತೆನಾಗ್ನೆವರ್ಕ್ ಅವರ ಬಗ್ಗೆ. ಓದುತ್ತ ಹೋದಂತೆ, 1974ರಲ್ಲಿ ಅವರ ಬದುಕಿಗೆ ಎರಗಿದ್ದು ಮೊದಲ ದುಃಖವೇನೂ ಅಲ್ಲವೆಂದು ತಿಳಿಯಿತು. 1912ರಲ್ಲಿ ಹುಟ್ಟಿದ ಅವರಿಗೆ ಎಳೆಯ ವಯಸ್ಸಿನಲ್ಲೇ ರಾಸ್ ದೆಸ್ತಾ ದಾಮ್ತೆವ್ ಜೊತೆ ಮದುವೆಯಾಯಿತು. ಮುಸೊಲಿನಿಯ ಸೈನ್ಯ ದೇಶವನ್ನು ಆಕ್ರಮಿಸಿದಾಗ ದಕ್ಷಿಣದಲ್ಲಿ ಹೋರಾಟ ಮುಂದುವರಿಸಿದ ಪತಿಯನ್ನು 1937ರ ಫೆಬ್ರವರಿಯಲ್ಲಿ ಇಟಲಿಯವರು ಹಿಡಿದು ಕೊಂದರು. ಆಗ ಅವರು ಮಕ್ಕಳೊಂದಿಗೆ, ತಂದೆಯ ಜೊತೆ, ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ದೇಶಭ್ರಷ್ಟರಾಗಿದ್ದರು. ಮಲಸಹೋದರಿ ರೊಮಾನೆವರ್ಕ್ 1940ರಲ್ಲಿ ಇಟಲಿಯಲ್ಲಿ ಸೆರೆಯಲ್ಲಿದ್ದಾಗಲೇ ತೀರಿಕೊಂಡರು. ಲಂಡನ್ನಿನಲ್ಲಿ ಮಕ್ಕಳ ಆಸ್ಪತ್ರೆಯ ನರ್ಸ್ ಆಗಿ ತರಬೇತಿ ಪಡೆದಿದ್ದ ತಂಗಿ ತ್ಸೆಹಾಯ್, ದೇಶ ಬಿಡುಗಡೆಯಾದ ಮರುವರ್ಷ, 1942ರಲ್ಲಿ ಹೆರಿಗೆಯಲ್ಲಿ ತೀರಿಹೋದರು. ನಮ್ಮ ತಂಗಿ ಹುಟ್ಟಿದ ಆಸ್ಪತ್ರೆ ಅವರ ನೆನಪಿನದು. ಹೆರಿಗೆಯಲ್ಲಿ ಜೀವ ಬಿಟ್ಟವಳ ಹೆಸರಿನ ಆಸ್ಪತ್ರೆಯಲ್ಲಿ ತಾವು ಹೆತ್ತು ಸುಖವಾಗಿ ಮನೆಗೆ ಬಂದದ್ದು ಇದನ್ನು ಕೇಳಿದ ಮೇಲಷ್ಟೇ ಚಿಕ್ಕಮ್ಮನಿಗೆ ಗೊತ್ತಾಯಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಾಜಮನೆತನದ ಮೇಲಿನ ಜನರ ಸಿಟ್ಟಿಗೆ ಕಾರಣವಿತ್ತು ಎಂಬುದನ್ನು ನಾನು ಮರೆಮಾಚುವುದಿಲ್ಲ. 1973ರಲ್ಲಿ ವೊಲ್ಲೊ ಪ್ರಾಂತ್ಯದ ಬರದಲ್ಲಿ ಸಾವಿರಾರು ಬಡವರು ಹಸಿವಿನಿಂದ ಸತ್ತರು, ಆಡಳಿತ ಅದನ್ನು ಮುಚ್ಚಿಡಲು ನೋಡಿತು. ರೈತರು ಬೆಳೆಯ ದೊಡ್ಡ ಪಾಲನ್ನು ಜಮೀನುದಾರರಿಗೆ ಒಪ್ಪಿಸಬೇಕಾಗಿದ್ದ ನಾಡು ಅದು. 1974ರ ಸೆಪ್ಟೆಂಬರ್ 11, ಅಲ್ಲಿನ ಹೊಸ ವರ್ಷದ ದಿನ, ದೂರದರ್ಶನದಲ್ಲಿ ಬರದ ದೃಶ್ಯಗಳನ್ನು ಅರಮನೆಯ ಔತಣಗಳ ಜೊತೆ ಜೋಡಿಸಿ ತೋರಿಸಿದರು. ಮರುದಿನ ಬೆಳಿಗ್ಗೆ ಚಕ್ರವರ್ತಿಯನ್ನು ಪದಚ್ಯುತಗೊಳಿಸಿ ಒಂದು ಪುಟ್ಟ ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಕೂರಿಸಿ ಕರೆದೊಯ್ದರು.

ಆದರೆ ಬರಕ್ಕೆ ಉತ್ತರ ಕೊಡಬೇಕಾದವರು ಯಾರು ಎಂದು ನ್ಯಾಯಾಲಯದಲ್ಲಿ ಕೇಳುವ ಗೊಡವೆಗೇ ಅಧಿಕಾರ ಹಿಡಿದ ಸೈನಿಕ ಮಂಡಳಿ, ಅಂದರೆ ದೆರ್ಗ್, ಹೋಗಲಿಲ್ಲ. ಆ ವರ್ಷದ ನವೆಂಬರ್ 23ರ ರಾತ್ರಿ ವಿಚಾರಣೆಯಿಲ್ಲದೆ ಸುಮಾರು ಅರವತ್ತು ಮಂದಿಯನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ತೆನಾಗ್ನೆವರ್ಕ್ ಅವರ ಮಗ, ನೌಕಾಪಡೆಯ ಇಸ್ಕಿಂದರ್ ದೆಸ್ತಾ ಇದ್ದರು. ತ್ಸೆಹಾಯ್ ಅವರ ಪತಿಯಾಗಿದ್ದ ಅಬಿಯೆ ಅಬೆಬೆಯೂ ಇದ್ದರು. ರಾಜಮನೆತನದ ಹೆಂಗಸರನ್ನು ಮೊದಲು ಒಂದು ಮನೆಯಲ್ಲಿ ಕೂಡಿಹಾಕಿ, ಮುಂದೆ ಅಡಿಸ್ ಅಬಾಬಾದ ಕೇಂದ್ರ ಸೆರೆಮನೆಗೆ ಸಾಗಿಸಿದರು. ಜನ ಆ ಸೆರೆಮನೆಯನ್ನು ಅಲೆಮ್ ಬೆಕಾಗ್ನ್ ಎನ್ನುತ್ತಿದ್ದರು. ಅದಕ್ಕೆ ನಮ್ಮ ಭಾಷೆಯಲ್ಲಿ ಇದಕ್ಕಿಂತ ಹತ್ತಿರದ ಮಾತಿಲ್ಲ: ಲೋಕ ಸಾಕಾಯಿತು.

ಅಲ್ಲಿ ತೆನಾಗ್ನೆವರ್ಕ್ 1988ರವರೆಗೆ ಇದ್ದರು. ಒಳಗೆ ಹೋಗುವಾಗ ಅರವತ್ತೆರಡರ ಆಸುಪಾಸಿನ ಹೆಂಗಸು, ಹೊರಬರುವಾಗ ಎಪ್ಪತ್ತಾರು. ಜೊತೆಗೆ ಹೆಣ್ಣುಮಕ್ಕಳೂ ಇದ್ದರು. 1975ರ ಆಗಸ್ಟ್‌ನಲ್ಲಿ ತಂದೆ ಸೈನಿಕರ ವಶದಲ್ಲೇ ಸತ್ತರು. ಯುವರಾಜನ ಮಗಳು ಇಜಿಗಯೆಹು 1977ರಲ್ಲಿ ಸೆರೆಯಲ್ಲೇ ತೀರಿಕೊಂಡರು. ನಮ್ಮಲ್ಲಿ ಮೈಸೂರು ಮಹಾರಾಜರು ರಾಜ್ಯ ಒಪ್ಪಿಸಿ ರಾಜ್ಯಪಾಲರಾದರು. 1971ರಲ್ಲಿ ರಾಜಧನ ರದ್ದಾದಾಗಲೂ ರಾಣಿಯರು ಚುನಾವಣೆಗೆ ನಿಲ್ಲುವ ಹಕ್ಕು ಉಳಿಸಿಕೊಂಡರು. ಸಿಂಹಾಸನವನ್ನು ಕಾನೂನಿನಿಂದ ತೆಗೆದುಹಾಕಬಹುದು, ಅದಕ್ಕಾಗಿ ಮುದುಕಿಯೊಬ್ಬಳನ್ನು ಆರೋಪವನ್ನೂ ಹೊರಿಸದೆ ಹದಿನಾಲ್ಕು ವರ್ಷ ಕೂಡಿಹಾಕಬೇಕಿಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ವೊಲ್ಲೊದ ಹಸಿದವರ ಒಂದು ತುತ್ತೂ ಅದರಿಂದ ಹೆಚ್ಚಲಿಲ್ಲ. 1984ರಲ್ಲಿ, ಇದೇ ದೆರ್ಗ್ ಆಳುತ್ತಿದ್ದಾಗ, ಅಲ್ಲಿ ಇನ್ನೂ ಭೀಕರ ಬರ ಬಂತು.

ಬಿಡುಗಡೆಯ ನಂತರ ಅವರು ಕೆಲವು ವರ್ಷ ವಿದೇಶದಲ್ಲಿದ್ದು, 1999ರಲ್ಲಿ ತಾಯ್ನಾಡಿಗೆ ಮರಳಿದರು. ತಂದೆಯ ಅವಶೇಷಗಳು 1992ರಲ್ಲಿ ಅರಮನೆಯ ಆವರಣದ ನೆಲದಡಿ ಸಿಕ್ಕಿದ್ದವು. 2000ದ ನವೆಂಬರ್‌ನಲ್ಲಿ ಅವುಗಳಿಗೆ ಹೋಲಿ ಟ್ರಿನಿಟಿ ಕೆಥೆಡ್ರಲ್‌ನಲ್ಲಿ ಸಮಾಧಿಯಾಯಿತು. 2003ರಲ್ಲಿ ಮಗಳೂ ಅಡಿಸ್ ಅಬಾಬಾದಲ್ಲೇ ಕಣ್ಣು ಮುಚ್ಚಿದರು.

ಇಷ್ಟನ್ನೂ ಓದಿ ಹೇಳಿದಾಗ ಚಿಕ್ಕಮ್ಮ ಬೆರಳು ಮಡಚಿ ಎಣಿಸಿದರು. "1988 ಅಂದ್ರ ಅವರ ಲೆಕ್ಕದಾಗ 1980. ನಮ್ಮ ಹುಡುಗಿಗೆ ಆಗ ಹದಿನಾರು, ಹತ್ತನೇತ್ತಾ ಪಾಸಾಗಿದ್ಲು," ಎಂದು, ಪತ್ರವನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಕಪಾಟಿನೊಳಗೆ ಇಟ್ಟರು.