ಬಿಸ್ಲೆ ಘಾಟಿಯ ಏರು, ತಿರುಗದ ಫ್ಯಾನು

ಕುಕ್ಕೆ ಸುಬ್ರಹ್ಮಣ್ಯದ ಪಕ್ಕದ ಕುಲ್ಕುಂದದಿಂದ ಬಿಸ್ಲೆಗೆ ಏರುವ ರಸ್ತೆ ಕಿರಿದು, ತಿರುವು ಬಹಳ. ಎದುರಿಗೆ ಗಾಡಿ ಬಂದರೆ ನಿಂತೇ ದಾರಿ ಕೊಡಬೇಕು. ಎರಡನೇ ಗೇರಿನಲ್ಲಿ ಎಂಜಿನ್ ಏದುಸಿರು ಬಿಡುತ್ತಿರುತ್ತದೆ, ರೇಡಿಯೇಟರಿಗೆ ಮಾತ್ರ ಮುಂದಿನಿಂದ ಗಾಳಿ ಬರುವುದಿಲ್ಲ. ಬೆಲ್ಟ್ ಫ್ಯಾನ್ ತೆಗೆದು ಎಲೆಕ್ಟ್ರಿಕ್ ಫ್ಯಾನ್ ಕೂರಿಸಿದ ಹಳೆಯ ಡೀಸೆಲ್ ಜೀಪು ಕೆಳಗಿನ ನೇರ ರಸ್ತೆಯಲ್ಲಿ ತಣ್ಣಗೇ ಬಂದಿತ್ತು. ಘಾಟಿ ಅರ್ಧ ಏರುವಷ್ಟರಲ್ಲಿ ಗೇಜಿನ ಮುಳ್ಳು ಕೆಂಪು ಗೆರೆ ಮುಟ್ಟಿತು.

ವೇಗದಲ್ಲಿ ತಣ್ಣಗಿದ್ದು ನಿಧಾನಕ್ಕೆ ಹೋಗುವಾಗ ಕಾದರೆ ಮೊದಲ ಅನುಮಾನ ಫ್ಯಾನಿನ ಮೇಲೆ. ಹೆದ್ದಾರಿಯಲ್ಲೂ ಕಾಯುವ ಗಾಡಿಯಲ್ಲಿ ರೇಡಿಯೇಟರ್ ಕಟ್ಟಿರುವುದು, ಥರ್ಮೋಸ್ಟಾಟ್ (ನೀರು ಕಾದ ಮೇಲೆ ರೇಡಿಯೇಟರಿಗೆ ಬಿಡುವ ಕವಾಟ), ವಾಟರ್ ಪಂಪ್ ನೋಡಬೇಕು. ಇಷ್ಟು ಗೊತ್ತಿದ್ದರೆ ಕಾಡಿನ ನಡುವೆ ಅರ್ಧ ದಿನ ಉಳಿಯುತ್ತದೆ. ಇದು ಆನೆ ಓಡಾಡುವ ಜಾಗ, ಕತ್ತಲಾಗುವವರೆಗೆ ಬಾನೆಟ್ ಎತ್ತಿಕೊಂಡು ನಿಲ್ಲುವಂತಿಲ್ಲ.

ತಿರುವಿನ ಅಗಲ ಜಾಗದಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲು ಕೊಟ್ಟದ್ದಾಯಿತು. ಮೇಲಿನ ಹೋಸ್ ಪೈಪು ಕೈಗೆ ಮೆತ್ತಗೆ ಸಿಗುವವರೆಗೆ ರೇಡಿಯೇಟರ್ ಮುಚ್ಚಳ ಮುಟ್ಟಬಾರದು. 0.9 ಬಾರ್ ಮುಚ್ಚಳದ ಒತ್ತಡದಲ್ಲಿ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ, ಮುಚ್ಚಳ ತೆಗೆದ ಕ್ಷಣ ಉಕ್ಕಿ ಮುಖಕ್ಕೆ ಬರುತ್ತದೆ. ಎಂಜಿನ್ ಆರಿಸಿದ್ದರೂ ಫ್ಯಾನ್ ತಾನಾಗಿ ತಿರುಗಬಹುದು. ರೆಕ್ಕೆಗೆ ಕೈ ಹಾಕುವ ಮೊದಲು ಅದರ ಪ್ಲಗ್ ಕಳಚಿ.

ರೆಕ್ಕೆ ಕೈಯಲ್ಲಿ ಸಲೀಸಾಗಿ ತಿರುಗಿತು. ಬ್ಯಾಟರಿಯಿಂದ ಎರಡು ದಪ್ಪ ವೈರ್ ಎಳೆದು ಮೋಟಾರಿಗೆ ನೇರ ಕೊಟ್ಟಾಗ ಓಡಿತು, ಅಂದರೆ ಮೋಟಾರ್ ಸರಿ. ಓಡದೆ ಇದ್ದಿದ್ದರೆ ಸ್ಪ್ಯಾನರ್ ಹಿಡಿಯಿಂದ ಮೆಲ್ಲಗೆ ತಟ್ಟಿ ನೋಡಬಹುದು. ತಟ್ಟಿದ ಮೇಲೆ ಓಡಿದರೆ ಮೋಟಾರಿನೊಳಗೆ ಕರೆಂಟ್ ಮುಟ್ಟಿಸುವ ಇದ್ದಿಲ ತುಂಡು, ಅಂದರೆ ಬ್ರಷ್, ಸವೆದಿದೆ ಎಂದು ಲೆಕ್ಕ. ನೇರ ಕೊಡುವಾಗ ಪ್ಲಸ್ ಮೈನಸ್ ಅದಲುಬದಲಾದರೆ ಫ್ಯಾನ್ ಹಿಂದುಮುಂದಾಗಿ ತಿರುಗಿ ಬಿಸಿಗಾಳಿಯನ್ನು ಮುಂದಕ್ಕೆ ತಳ್ಳುತ್ತದೆ. ಗ್ರಿಲ್ ಮುಂದೆ ಹಿಡಿದ ಕಾಗದ ರೇಡಿಯೇಟರಿಗೆ ಅಂಟಿಕೊಳ್ಳಬೇಕು.

ಮುಂದಿನದು ಫ್ಯೂಸ್. 12ರಿಂದ 15 ಆಂಪಿಯರ್ ಎಳೆಯುವ ಫ್ಯಾನು ಶುರುವಾಗುವಾಗ ಅದರ ಎರಡು ಮೂರು ಪಟ್ಟು ಎಳೆಯುತ್ತದೆ. ಹಾಗಾಗಿ 30 ಆಂಪಿಯರ್ ಫ್ಯೂಸು, 4 ಚದರ ಮಿ.ಮೀ. ವೈರು ಬೇಕು. ಫ್ಯೂಸಿನ ತಂತಿ ಚೆನ್ನಾಗಿದ್ದರೂ ಹೋಲ್ಡರಿನ ಪ್ಲಾಸ್ಟಿಕ್ ಕಂದಾಗಿದ್ದರೆ ಅಲ್ಲಿ ಟರ್ಮಿನಲ್ ಸಡಿಲವಿದೆ. ಈ ಜೀಪಿನದು ಸರಿಯಿತ್ತು. ಸಣ್ಣ ಕರೆಂಟಿನಿಂದ ಫ್ಯಾನಿನ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚೇ ರಿಲೇ. ಆ ದೊಡ್ಡ ಕರೆಂಟಿನ ದಾರಿಯಾದ ಅದರ 30 ಮತ್ತು 87ನೇ ಕಾಲುಗಳನ್ನು ತುಂಡು ವೈರಿನಿಂದ ಸೇರಿಸಿದಾಗಲೂ ಫ್ಯಾನ್ ಓಡಿತು. ಹಾರ್ನಿನ ರಿಲೇ ತಂದು ಹಾಕಿದರೂ ಕಟ್ ಎಂಬ ಸದ್ದೇ ಇಲ್ಲ, ಅಂದರೆ ದೋಷ ರಿಲೇಯದಲ್ಲ. ನೀರು ಕಾದಾಗ ರಿಲೇಯನ್ನು ಮೈನಸ್ಸಿಗೆ ಸೇರಿಸಿ ಎಬ್ಬಿಸುವ, ರೇಡಿಯೇಟರಿನ ಥರ್ಮೋ ಸ್ವಿಚ್ಚಿನ ವೈರ್ ಕಳಚಿ ಬ್ಯಾಟರಿ ಮೈನಸ್ಸಿಗೆ ತಾಗಿಸಿದಾಗ ರಿಲೇ ಕಟ್ ಎಂದಿತು.

ಇಲ್ಲಿ ಬಹಳ ಜನ ಸ್ವಿಚ್ ಸತ್ತಿದೆ ಎಂದು ತೀರ್ಪು ಕೊಟ್ಟು ಹೊಸದು ಹುಡುಕಲು ಹೊರಡುತ್ತಾರೆ. ತಾಳಿ. ಒಂದೇ ವೈರಿನ ಸ್ವಿಚ್ಚಿಗೆ ಅದರ ಮೈಯೇ ಅರ್ತಿಂಗ್. ರೇಡಿಯೇಟರ್ ಕೂತಿರುವುದು ರಬ್ಬರ್ ಬುಷ್ ಮೇಲೆ, ಎರಡೂ ಹೋಸು ರಬ್ಬರಿನವು. ಸೋರದಿರಲೆಂದು ಯಾರೋ ಸ್ವಿಚ್ಚಿನ ತಿರುಪಿನ ಮರೆಗೆ (ಥ್ರೆಡ್ಡಿಗೆ) ಟೆಫ್ಲಾನ್ ಟೇಪ್ ಬೇರೆ ಸುತ್ತಿದ್ದರು. ಕರೆಂಟ್ ವಾಪಸ್ ಹೋಗಲು ದಾರಿ ಎಲ್ಲಿದೆ? ಬ್ರಾಕೆಟ್ಟಿನ ತುಕ್ಕು ಹಿಡಿದ ಒಂದು ಬೋಲ್ಟು ಇಷ್ಟು ದಿನ ಹೇಗೋ ಕೆಲಸ ನಡೆಸಿತ್ತು. ಕರಾವಳಿಯ ತೇವದಲ್ಲಿ ಅದೂ ಕೈಬಿಟ್ಟಿತು. ಸ್ವಿಚ್ಚಿನ ಷಟ್ಕೋನದ ಮೈಯನ್ನು ಉಜ್ಜಿ, ಹೋಸ್ ಕ್ಲಿಪ್ಪಿನಡಿ ತಾಮ್ರದ ವೈರ್ ಬಿಗಿದು ನೇರ ಬ್ಯಾಟರಿ ಮೈನಸ್ಸಿಗೆ ಕೊಟ್ಟ ಮೇಲೆ, ಎಂಜಿನ್ ಕಾಯುತ್ತಿದ್ದಂತೆ ಫ್ಯಾನ್ ತಾನೇ ಎದ್ದಿತು. ಓಡುವಾಗ ಮೋಟಾರಿನ ಮೈನಸ್ ಮತ್ತು ಬ್ಯಾಟರಿ ಮೈನಸ್ ನಡುವೆ ಮಲ್ಟಿಮೀಟರ್ 0.2 ವೋಲ್ಟ್ ತೋರಿಸಿತು. ಅರ್ಧ ವೋಲ್ಟ್ ದಾಟಿದ್ದರೆ ಆ ಜೋಡಣೆಯನ್ನೂ ಉಜ್ಜಬೇಕಿತ್ತು.

ಬಿಸ್ಲೆ ವ್ಯೂ ಪಾಯಿಂಟಿನಲ್ಲಿ ಎದುರಿಗೆ ಕುಮಾರಪರ್ವತ, ದೊಡ್ಡಬೆಟ್ಟ, ಏಣಿಕಲ್ಲು. ಮೋಡ ಬಿಟ್ಟಷ್ಟು ಹೊತ್ತು ನೋಡಬಹುದು. ಇದೇ ದಾರಿಯ ಮಂಕನಹಳ್ಳಿ ದಿಣ್ಣೆಯಲ್ಲಿ ಮಳೆನೀರು ಎರಡಾಗುತ್ತದೆ: ಪಡುವಣದ್ದು ಕುಮಾರಧಾರೆ, ನೇತ್ರಾವತಿ ಸೇರಿ ಅರಬ್ಬಿ ಸಮುದ್ರಕ್ಕೆ, ಮೂಡಣದ್ದು ಹೇಮಾವತಿ, ಕಾವೇರಿಯಾಗಿ ಬಂಗಾಳ ಕೊಲ್ಲಿಗೆ.

ಮಳೆಗಾಲದಲ್ಲಿ ಬರುವವರಿಗೆ ಎರಡು ಮಾತು. ಹೆಡ್‌ಲೈಟ್ 10, ಫ್ಯಾನ್ 15, ವೈಪರ್ 4–5 ಆಂಪಿಯರ್ ಎಂದರೆ ಕರೆಂಟ್ ಹುಟ್ಟಿಸುವ ಹಳೆಯ 35 ಆಂಪಿಯರ್ ಆಲ್ಟರ್ನೇಟರ್ ಐಡಲ್‌ನಲ್ಲಿ ಸೋಲುತ್ತದೆ, ನಿಂತಾಗ ದೀಪ ಮಂಕಾಗುವುದು ಅದಕ್ಕೇ. ಹಳ್ಳ ದಾಟುವ ಮೊದಲು ಫ್ಯಾನ್ ಆಫ್ ಮಾಡಲು ಡ್ಯಾಶ್‌ಬೋರ್ಡಿನಲ್ಲಿ ಒಂದು ಸ್ವಿಚ್ ಇರಲಿ. ನೀರೊಳಗೆ ತಿರುಗುವ ರೆಕ್ಕೆ ಮುಂದಕ್ಕೆ ಬಾಗಿ ರೇಡಿಯೇಟರನ್ನೇ ಕೊರೆಯುತ್ತದೆ.

ಸಕಲೇಶಪುರ ತಲುಪಿದ ಮೇಲೆ ಉಳಿದ ಕೆಲಸ: ಕ್ಲಿಪ್ ತೆಗೆದು ಎರಡು ವೈರಿನ ಥರ್ಮೋ ಸ್ವಿಚ್ ಹಾಕುವುದು. ಥರ್ಮೋಸ್ಟಾಟ್ 82 ಡಿಗ್ರಿಯದಾದರೆ 92ಕ್ಕೆ ಹತ್ತಿ 87ಕ್ಕೆ ಆರುವ ಸ್ವಿಚ್ ಹೊಂದುತ್ತದೆ. ಇನ್ನೂ ಕಡಿಮೆಯದು ಹಾಕಿದರೆ ಫ್ಯಾನ್ ನಿಲ್ಲುವುದೇ ಇಲ್ಲ.