ಉಪ್ಪು ತಿಂದ ಎಂಎಕ್ಸ್-5: ಓಡಾಟ ನಿಲ್ಲಿಸಿ ಮತ್ತೆ ಕಟ್ಟುವ ಕೆಲಸ

ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ಕಾರಿನ ಎಂಜಿನ್ ಅಷ್ಟು ಸುಲಭಕ್ಕೆ ಸಾಯುವುದಿಲ್ಲ. 1989ರಲ್ಲಿ ಹೊರಬಂದ, ಮೇಲೆದ್ದು ಇಳಿಯುವ ಹೆಡ್‌ಲೈಟಿನ ಈ ಎರಡು ಸೀಟಿನ ಪುಟ್ಟ ಕಾರು ಇಂಗ್ಲೆಂಡಿನಲ್ಲಿ ಕಣ್ಮರೆಯಾಗುತ್ತಿರುವುದು ತುಕ್ಕಿನಿಂದ. ಚಳಿಗಾಲದಲ್ಲಿ ರಸ್ತೆಯ ಮೇಲೆ ಹಿಮ ಗಟ್ಟಿಯಾಗದಿರಲೆಂದು ಇಲ್ಲಿ ಕಲ್ಲುಪ್ಪು ಎರಚುತ್ತಾರೆ. ಕಡಲ ಗಾಳಿ ಕಬ್ಬಿಣವನ್ನು ಏನು ಮಾಡುತ್ತದೆಂದು ಕಾರವಾರ, ಮಲ್ಪೆಯವರಿಗೆ ಹೇಳಬೇಕಾಗಿಲ್ಲ. ಇಲ್ಲಿ ಅದೇ ಉಪ್ಪು ಚಕ್ರದಿಂದ ಚಿಮ್ಮಿ ಕಾರಿನ ಹೊಟ್ಟೆಗೇ ಅಂಟಿಕೊಳ್ಳುತ್ತದೆ. ಹಾಗಾಗಿ ಇಂಥ ಕಾರಿನಲ್ಲಿ ದಿನಾ ಆಫೀಸಿಗೆ ಹೋಗುವವರು, ಅದು ಇನ್ನೂ ಚೆನ್ನಾಗಿ ಓಡುತ್ತಿರುವಾಗಲೇ, ಉಪ್ಪು ಬೀಳುವ ಮುಂಚೆಯೇ, ಅದನ್ನು ದಿನದ ಓಡಾಟದಿಂದ ಬಿಡಿಸಬೇಕು. ಕೆಟ್ಟು ನಿಂತ ಮೇಲೆ ಕಟ್ಟಲು ಹೊರಟರೆ ಖರ್ಚೂ ಹೆಚ್ಚು, ಅರ್ಧಕ್ಕೇ ಬಿಡುವ ಸಂಭವವೂ ಹೆಚ್ಚು.

ನಿಲ್ಲಿಸುವ ಮುನ್ನ ಎಂಒಟಿ, ಅಂದರೆ ಕಾರು ರಸ್ತೆಗೆ ಯೋಗ್ಯವೇ ಎಂದು ನೋಡುವ ವಾರ್ಷಿಕ ತಪಾಸಣೆ, ಮಾಡಿಸಿ. ಕಾರಿಗೆ ಇದರ ಗರಿಷ್ಠ ಶುಲ್ಕ 54.85 ಪೌಂಡ್. ಪಾಸಾಗಲಿ, ಬಿಡಲಿ, ಕಾರನ್ನು ಮೇಲೆತ್ತಿ ನೋಡಿದವನು ಬರೆದುಕೊಡುವ ಪಟ್ಟಿಯೇ ಮುಂದಿನ ಕೆಲಸದ ಪಟ್ಟಿ. ಆಮೇಲೆ ಕಾರು ರಸ್ತೆಯಲ್ಲಿಲ್ಲ ಎಂದು ವಾಹನ ನೋಂದಣಿಯ ಸರ್ಕಾರಿ ಸಂಸ್ಥೆ ಡಿವಿಎಲ್‌ಎಗೆ ಘೋಷಿಸಬೇಕು. ಇದನ್ನು ಎಲ್ಲರೂ ಸಾರ್ನ್ ಎಂದೇ ಕರೆಯುತ್ತಾರೆ. ಕರ್ನಾಟಕದಲ್ಲಿ ಲೈಫ್‌ಟೈಮ್ ಟ್ಯಾಕ್ಸ್ ಒಮ್ಮೆ ಕಟ್ಟಿದರೆ ಕಾರು ಶೆಡ್ಡಿನಲ್ಲಿ ಎಷ್ಟು ದಿನ ನಿಂತರೂ ಯಾರೂ ಕೇಳುವುದಿಲ್ಲ. ಇಲ್ಲಿ ಸಾರ್ನ್ ಮಾಡದೆ, ತೆರಿಗೆಯೂ ವಿಮೆಯೂ ಇಲ್ಲದೆ ಕಾರು ಸುಮ್ಮನೆ ನಿಂತಿದ್ದರೂ ದಂಡ ಬೀಳುತ್ತದೆ. ಸಾರ್ನ್ ಉಚಿತ, ಆನ್‌ಲೈನಿನಲ್ಲೇ ಮುಗಿಯುತ್ತದೆ, ತೆರಿಗೆಯಲ್ಲಿ ಉಳಿದಿರುವ ಪೂರ್ತಿ ತಿಂಗಳುಗಳ ಹಣ ವಾಪಸ್ ಬರುತ್ತದೆ. ಆದರೆ ಕಾರು ನಿಮ್ಮ ಸ್ವಂತ ಜಾಗದಲ್ಲಿರಬೇಕು. ಮನೆ ಮುಂದಿನ ರಸ್ತೆಯಂಚೂ ಸಾರ್ವಜನಿಕ ರಸ್ತೆಯೇ. ಮೊದಲೇ ಗೊತ್ತುಮಾಡಿಕೊಂಡ ಎಂಒಟಿಗೆ ಹೋಗಿಬರುವುದು ಬಿಟ್ಟು ಬೇರೆ ಯಾವ ಕಾರಣಕ್ಕೂ ಹೊರಗೆ ಓಡಿಸುವಂತಿಲ್ಲ. ಫ್ಲ್ಯಾಟಿನಲ್ಲಿರುವವರು ಮೊದಲು ಬಾಡಿಗೆಗೆ ಒಣಗಿದ ಗ್ಯಾರೇಜ್ ಹುಡುಕಬೇಕು, ಸ್ಪ್ಯಾನರ್ ಆಮೇಲೆ.

ಈ ಕಾರಿನ ಜೀವ ಇರುವುದು ಸಿಲ್‌ನಲ್ಲಿ, ಅಂದರೆ ಬಾಗಿಲಿನ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಂಥ ಭಾಗದಲ್ಲಿ. ತಲೆಯ ಮೇಲೆ ಉಕ್ಕಿನ ಛಾವಣಿ ಇಲ್ಲದ ಕಾರಿನಲ್ಲಿ ಬಾಡಿಯ ಬಿಗಿಗೆ ಮುಖ್ಯ ಆಧಾರ ಇದೇ. ಬಟ್ಟೆಯ ಛಾವಣಿಯ ಮೇಲೆ ಬಿದ್ದ ಮಳೆನೀರು ಸೀಟುಗಳ ಹಿಂದೆ, ಎರಡೂ ಬದಿಯ ರಂಧ್ರಗಳಿಗೆ ಇಳಿದು, ಕೊಳವೆಯ ಮೂಲಕ ಹಿಂಚಕ್ರದ ಮುಂದೆ ಹೊರಬೀಳಬೇಕು. ಎಲೆಯ ಚೂರು, ಧೂಳು ಸೇರಿ ಆ ರಂಧ್ರ ಕಟ್ಟಿಕೊಂಡರೆ ನೀರು ತುಂಬಿ ಒಳಗೆ ಹರಿಯುತ್ತದೆ. ಸಿಲ್ ಒಳಗಿನಿಂದ ಕೊಳೆಯುವುದು ಹೀಗೆ, ಹೊರಗಿನ ಪೇಂಟ್ ಹೊಳೆಯುತ್ತಲೇ ಇರುತ್ತದೆ. ಹೊರಗಡೆಯಿಂದ ಹಿಂಚಕ್ರದ ಮಣ್ಣು ಸಿಲ್‌ನ ಹಿಂದಿನ ತುದಿಯಲ್ಲಿ ಕೂತು ಅದೇ ಕೆಲಸ ಮಾಡುತ್ತದೆ.

ಪರೀಕ್ಷೆ ಸುಲಭ. ಹಿಂಚಕ್ರದ ಮುಂದಿನ ಒಂದು ಗೇಣು ಜಾಗವನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ. ಗಟ್ಟಿ ಲೋಹ ಟಣ್ ಎನ್ನುತ್ತದೆ, ಕೊಳೆತದ್ದು ಮಂಕಾಗಿ ಸದ್ದು ಮಾಡುತ್ತದೆ. ಸಿಲ್‌ನ ಕೆಳಭಾಗಕ್ಕೆ ಕಲ್ಲೇಟು ತಡೆಯಲು ಕಾರ್ಖಾನೆಯಲ್ಲೇ ದಪ್ಪ ಲೇಪ ಹಾಕಿರುತ್ತಾರೆ. ಅದು ಗುಳ್ಳೆ ಎದ್ದಿದ್ದರೆ ಕೆಳಗೆ ತುಕ್ಕು ಇದೆಯೆಂದೇ ತಿಳಿಯಿರಿ. ಹೊಸದಾಗಿ ಬಳಿದ ಕಪ್ಪು ಟಾರಿನಂಥ ಲೇಪ ಕಂಡರೆ ಇನ್ನೂ ಹೆಚ್ಚು ಅನುಮಾನ ಪಡಬೇಕು. ಒದ್ದೆ ತುಕ್ಕಿನ ಮೇಲೆ ಬಳಿದದ್ದು ನೀರನ್ನು ಒಳಗೇ ಹಿಡಿದಿಡುತ್ತದೆ.

ಆದ್ದರಿಂದ ಬಾಡಿ ಮೊದಲು, ಎಂಜಿನ್ ಕೊನೆಗೆ. ಉತ್ಸಾಹದಲ್ಲಿ ಇಡೀ ಕಾರನ್ನು ಒಂದೇ ವಾರಾಂತ್ಯದಲ್ಲಿ ಬಿಚ್ಚಿ ಹರಡುವುದು ಬೇಡವೇ ಬೇಡ. ಮಾರಾಟಕ್ಕೆ ಬರುವ ಅರ್ಧಂಬರ್ಧ ಕಾರುಗಳ ಕತೆಯೆಲ್ಲ ಅಲ್ಲಿಂದಲೇ ಶುರು. ಒಂದು ಭಾಗ ಬಿಚ್ಚಿ, ಫೋಟೋ ತೆಗೆದು, ಬೋಲ್ಟುಗಳನ್ನು ಜಿಪ್ ಚೀಲದಲ್ಲಿ ಹಾಕಿ ಹೆಸರು ಬರೆದು, ಆ ಭಾಗ ಮುಗಿಸಿ ಮುಂದೆ ಹೋಗಿ.

ಸಿಲ್ ಕತ್ತರಿಸುವ ಮುನ್ನ ಬಾಗಿಲಿನ ಸುತ್ತಲಿನ ಸಂದು ಅಳೆದು ಬರೆದಿಡಿ. ಬಾಗಿಲಿನ ಜಾಗಕ್ಕೆ ಅಡ್ಡಲಾಗಿ, ಕೀಲಿನ ಕಂಬದಿಂದ ಲಾಕಿನ ಕಂಬಕ್ಕೆ ಕಬ್ಬಿಣದ ಪೈಪ್ ಬಿಗಿಯಿರಿ. ಕಾರಿನ ಭಾರ ಸಸ್ಪೆನ್ಷನ್ ಮೇಲೆ, ರಸ್ತೆಯಲ್ಲಿ ನಿಂತ ಹಾಗೇ ಇರಲಿ, ಒಂದು ಬದಿ ಪೂರ್ತಿ ಮುಗಿದ ಮೇಲೆ ಇನ್ನೊಂದಕ್ಕೆ ಕೈ ಹಾಕಿ. ಇದನ್ನು ಬಿಟ್ಟರೆ ಬಾಡಿ ನಡುವೆ ಜಗ್ಗುತ್ತದೆ. ಹಾಗೇ ವೆಲ್ಡ್ ಆದರೆ ಬಾಗಿಲು ಮತ್ತೆ ಸರಿಯಾಗಿ ಕೂರುವುದಿಲ್ಲ. ಹೊರಪದರಕ್ಕೆ ಮಾತ್ರ ತೇಪೆ ಹಾಕಿ ಸಾಗಹಾಕುವ ಟಿಂಕರಿಂಗ್ ಬೇಡ. ಒಳಗಿನ ಬಲಪಡಿಸುವ ಪದರವೂ ಸಾಮಾನ್ಯವಾಗಿ ಹೋಗಿರುತ್ತದೆ, ಹೊಸ ತಗಡು ಅದರ ಮೇಲೆ ನಿಂತಿರುವುದು ಬರೀ ತೋರಿಕೆಗೆ. ಸೀಟ್‌ಬೆಲ್ಟ್, ಸಸ್ಪೆನ್ಷನ್ ಕಚ್ಚಿಕೊಂಡಿರುವ ಜಾಗದಿಂದ 30 ಸೆಂಟಿಮೀಟರ್ ಒಳಗಿನ ತೇಪೆಗೆ ಸುತ್ತ ಬಿಡದೆ ವೆಲ್ಡ್ ಇರಬೇಕು, ಇಲ್ಲದಿದ್ದರೆ ಎಂಒಟಿಯಲ್ಲಿ ಫೇಲ್.

ವೆಲ್ಡಿಂಗ್ ದಿನ ಡಿಕ್ಕಿಯಲ್ಲಿರುವ ಬ್ಯಾಟರಿಯನ್ನು ಹೊರಗೇ ತೆಗೆದಿಡಿ, ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಇಸಿಯುವಿನ ಪ್ಲಗ್ ಕಳಚಿ, ಕಾರ್ಪೆಟ್ಟನ್ನೂ ಸದ್ದು ತಡೆಯುವ ಪದರವನ್ನೂ ಎತ್ತಿಡಿ. ಪೆಟ್ರೋಲ್ ಟ್ಯಾಂಕ್ ಇರುವುದು ಸೀಟುಗಳ ಹಿಂದೆ, ಸಿಲ್‌ನ ತುದಿಗೆ ಹತ್ತಿರ. ಹಿಂದಿನವರು ಸಿಲ್‌ನೊಳಗೆ ಸಿಂಪಡಿಸಿದ ವ್ಯಾಕ್ಸ್ ಕೂಡ ಬೆಂಕಿ ಹಿಡಿಯುತ್ತದೆ. ಬೆಂಕಿ ಆರಿಸುವ ಸಿಲಿಂಡರ್ ಕೈಗೆಟುಕುವಂತಿರಲಿ, ಕೆಲಸ ಮುಗಿದ ಮೇಲೂ ಅರ್ಧ ಗಂಟೆ ಅಲ್ಲೇ ಇರಿ. ಪೇಂಟ್ ಒಣಗಿದ ಮೇಲೆ ಉದ್ದ ನಳಿಕೆಯಿಂದ ಸಿಲ್‌ನೊಳಗೆ ವ್ಯಾಕ್ಸ್ ಬಿಡಿ, ತಳದ ನೀರು ಹೋಗುವ ಸಂದುಗಳು ಮಾತ್ರ ತೆರೆದೇ ಇರಲಿ.

ಸಸ್ಪೆನ್ಷನ್‌ನಲ್ಲಿ ಜೀವ ತಿನ್ನುವುದು ಕೆಳತೋಳಿನ ಅಲೈನ್‌ಮೆಂಟ್ ಬೋಲ್ಟುಗಳು, ಅಂದರೆ ಚಕ್ರದ ಕೋನ ಹೊಂದಿಸುವ ಬೋಲ್ಟುಗಳು. ಒಂದು ಚಕ್ರಕ್ಕೆ ಎರಡರಂತೆ ಒಟ್ಟು 8. ಇವು ತೋಳಿನ ಕೀಲಿನಲ್ಲಿರುವ ರಬ್ಬರ್ ತುಂಡಿನ, ಅಂದರೆ ಬುಷ್‌ನ, ಒಳಗಿನ ಉಕ್ಕಿನ ಕೊಳವೆಗೆ ತುಕ್ಕು ಹಿಡಿದು ಅಂಟಿಕೊಳ್ಳುತ್ತವೆ. ವಾರದ ಮುಂಚಿನಿಂದಲೇ ಪೆನಿಟ್ರೇಟಿಂಗ್ ಆಯಿಲ್ ಬಿಡುತ್ತಿರಿ, ಹೊಸ ಬೋಲ್ಟುಗಳನ್ನು ಮೊದಲೇ ತರಿಸಿಡಿ, ಬಗ್ಗದಿದ್ದರೆ ಕತ್ತರಿಸಿಯೇ ತೆಗೆಯಿರಿ. ರಬ್ಬರ್ ಬುಷ್‌ಗಳನ್ನು ಕೊನೆಯದಾಗಿ ಬಿಗಿಯುವುದು ಕಾರು ಚಕ್ರದ ಮೇಲೆ ನಿಂತ ಮೇಲೆ. ಗಾಳಿಯಲ್ಲಿ ಎತ್ತಿಟ್ಟು ಬಿಗಿದರೆ ಕೆಳಗಿಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತದೆ.

ಎಂಜಿನ್ ಕೆಲಸ ಕಡಿಮೆ. ಟೈಮಿಂಗ್ ಬೆಲ್ಟ್ 60,000 ಮೈಲಿಗೊಮ್ಮೆ, ಜೊತೆಗೆ ವಾಟರ್ ಪಂಪ್ ಮತ್ತು ಆಯಿಲ್ ಸೀಲ್‌ಗಳು. ಬೆಲ್ಟ್ ತುಂಡಾದರೂ ಈ ಎಂಜಿನ್ನಿನಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿಯುವುದಿಲ್ಲ. ಎಂಜಿನ್ನಿನ ಹಿಂಬದಿ ಆಯಿಲ್ ಸೋರುತ್ತಿದ್ದರೆ ಗೇರ್‌ಬಾಕ್ಸ್ ಇಳಿಸಲು ಅವಸರ ಬೇಡ. ಬಹಳ ಸಲ ಅದು ಸಿಲಿಂಡರ್ ಹೆಡ್‌ನ ಹಿಂದಿರುವ ಕ್ಯಾಮ್ ಆ್ಯಂಗಲ್ ಸೆನ್ಸರಿನ ಗಟ್ಟಿಯಾದ ಓ-ರಿಂಗ್, ಅಂದರೆ ಸೋರಿಕೆ ತಡೆಯುವ ರಬ್ಬರ್ ಬಳೆ. ಸೆನ್ಸರ್ ಕೂತ ಜಾಗಕ್ಕೆ ಗೆರೆ ಎಳೆದು ಗುರುತು ಮಾಡಿಯೇ ಬಿಚ್ಚಿ, ಅದು ಕದಲಿದರೆ ಇಗ್ನಿಷನ್ ಟೈಮಿಂಗ್ ಬದಲಾಗುತ್ತದೆ. ಗೇರ್‌ಬಾಕ್ಸಿಗೆ 75ಡಬ್ಲ್ಯೂ-90 ಜಿಎಲ್-4 ಆಯಿಲ್ ಸುಮಾರು 2 ಲೀಟರ್ ಸಾಕು.

ನಿಂತ ಕಾರಿನಲ್ಲಿ ಹಿಂದಿನ ಬ್ರೇಕ್ ಕ್ಯಾಲಿಪರ್ ಬಿಗಿದುಕೊಳ್ಳುವುದು ಮಾಮೂಲು. ನಿಲ್ಲಿಸುವಾಗಲೇ ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಅಡ್ಡಗಟ್ಟೆ ಕೊಡಿ.

ಬಿಡಿಭಾಗಗಳ ಚಿಂತೆ ಅಷ್ಟಿಲ್ಲ. 2016ರ ಹೊತ್ತಿಗೆ ಎಲ್ಲ ತಲೆಮಾರು ಸೇರಿ 10 ಲಕ್ಷ ಎಂಎಕ್ಸ್-5 ತಯಾರಾಗಿದ್ದವು. ಮೊದಲ ತಲೆಮಾರಿಗೆ ಮಜ್ದಾ ತಾನೇ ಜಪಾನಿನಲ್ಲಿ ಪುನರುಜ್ಜೀವನ ಯೋಜನೆಯನ್ನು 2017ರಲ್ಲಿ ಪ್ರಕಟಿಸಿ, ಬಟ್ಟೆಯ ಛಾವಣಿ, ಸ್ಟೀರಿಂಗ್ ಚಕ್ರದಂಥವನ್ನು ಮತ್ತೆ ತಯಾರಿಸಿತು. ಸಿಲ್‌ನ ತಗಡುಗಳು ಇಂಗ್ಲೆಂಡಿನಲ್ಲೇ ಸಿಗುತ್ತವೆ.

ಕೊನೆಗೆ ವಿಮೆ ಮಾಡಿಸಿ, ಎಂಒಟಿ ಗೊತ್ತುಮಾಡಿ, ಪಾಸಾದ ಮೇಲೆ ತೆರಿಗೆ ಕಟ್ಟಿ. ತೆರಿಗೆ ಕಟ್ಟಿದ ಕೂಡಲೇ ಸಾರ್ನ್ ತಾನಾಗಿ ರದ್ದಾಗುತ್ತದೆ. ಆ ವಾರದಲ್ಲೇ ವ್ಹೀಲ್ ಅಲೈನ್‌ಮೆಂಟ್ ಮಾಡಿಸಿ, ಆ 8 ಬೋಲ್ಟುಗಳ ಬಿಗಿಯನ್ನೂ ಮತ್ತೊಮ್ಮೆ ನೋಡಿಸಿ.