ಬೆಂಕ್ಯಾಗ ಯಾವ ಹುಳ ಉಳಿತದ?

"ಬೆಂಕ್ಯಾಗ ಸುಟ್ಟು ಬೂದಿ ಆದದ್ದು ಯವ್ವಾ. ಅದ್ರಾಗ ಯಾವ ಹುಳ ಉಳಿತದ ಹೇಳು?"

ಸೋಮವಾರದಿಂದ ಈ ಮಾತು ತಲೆಯಲ್ಲೇ ಸುತ್ತುತ್ತಿದೆ. ಕೇಳಿದವರು ನಮ್ಮ ಸರ್ಜಿಕಲ್ ವಾರ್ಡಿನ ಪೇಶಂಟ್ ಒಬ್ಬರ ಹೆಂಡತಿ. ಅಫಜಲಪುರ ಕಡೆಯವರು. ಗಂಡನಿಗೆ ಶುಗರ್, ಕಾಲಿನ ಬೆರಳು ತೆಗೆದಿದ್ದಾರೆ. ನಾನು ಡ್ರೆಸ್ಸಿಂಗ್ ಬಿಚ್ಚಿ ಟ್ರೇ ಕಡೆ ತಿರುಗಿದ್ದೆ ಅಷ್ಟೇ. ಆಯಿ ಸೆರಗಿನ ಗಂಟು ಬಿಚ್ಚಿದರು. ಗಾಣಗಾಪುರದ ಭಸ್ಮ. ಗಂಡನ ಹಣೆಗೆ ಹಚ್ಚಿ ಆಯ್ತು, ಇನ್ನೊಂದು ಚಿಟಿಕೆ ಕಾಲಿನ ಕಡೆ ಹೊರಟಿತ್ತು.

"ಆಯಿ, ಅಲ್ಲಿ ಬ್ಯಾಡ್ರಿ, ಹುಳ ಸೇರಿ ನಂಜಾಗ್ತದ" ಅಂದೆ. ಆಗ ಬಂತು ಆ ಪ್ರಶ್ನೆ.

ಆಯಿಯ ಲೆಕ್ಕ ಅರ್ಧ ಸರಿ ಇದೆ. ಕಷ್ಟ ಇರೋದೇ ಅಲ್ಲಿ. ಲ್ಯಾಬಿನಲ್ಲಿ ಕಲ್ಚರ್ ಹಾಕುವವರು, ಅಂದರೆ ಹುಳ ಬೆಳೆಸಿ ಪರೀಕ್ಷೆ ಮಾಡುವವರು, ತಂತಿಯ ಲೂಪಿಗೆ ಅಂಟಿದ ಹುಳ ಸಾಯಲಿ ಅಂತ ಅದನ್ನು ಬೆಂಕಿಗೆ ಹಿಡಿದು ಕೆಂಪಗೆ ಕಾಯಿಸುತ್ತಾರೆ. ನಮ್ಮ ಆಟೋಕ್ಲೇವ್ 121 ಡಿಗ್ರಿ ಹಬೆಯಲ್ಲೇ ಸಾಮಾನನ್ನು ಒಂದು ಹುಳವೂ ಉಳಿಯದಂತೆ ಸ್ಟೆರೈಲ್ ಮಾಡುತ್ತದೆ, ಕುಳ್ಳಿನ ಬೆಂಕಿ ಅದಕ್ಕಿಂತ ಎಷ್ಟೋ ಜಾಸ್ತಿ. ಆಗತಾನೇ ಸುಟ್ಟ ಬೂದಿಯಲ್ಲಿ ಏನೂ ಉಳಿಯಲ್ಲ, ನಿಜ. ಆಮೇಲೆ? ನೆಲ, ಬುಟ್ಟಿ, ಅಂಗಡಿ, ಪುಡಿಕೆ, ಬಸ್ಸು, ಸೆರಗು. ನಮ್ಮ ಸ್ಟೆರೈಲ್ ಪ್ಯಾಕೇ ಹೊದಿಕೆ ಒದ್ದೆಯಾದರೆ ಮುಗೀತು, ವಾಪಸ್ ಕಳಿಸಬೇಕು.

ಮಣ್ಣು, ಸಗಣಿಯಲ್ಲಿ ಧನುರ್ವಾಯು ತರುವ ಬ್ಯಾಕ್ಟೀರಿಯಾದ ಸ್ಪೋರ್ ಇರುತ್ತದೆ. ಗಟ್ಟಿ ಕವಚ ಹೊದ್ದು ವರ್ಷಗಟ್ಟಲೆ ಸುಮ್ನೆ ಬಿದ್ದಿರುತ್ತದೆ, ಕುದಿಯೋ ನೀರಿಗೂ ಸುಲಭಕ್ಕೆ ಸಾಯಲ್ಲ. ಹಿಂದೆ ಹಸುಗೂಸಿನ ಹೊಕ್ಕುಳಿಗೆ ಬೂದಿ, ಸಗಣಿ ಹಚ್ಚಿ ಎಷ್ಟು ಕೂಸು ಕಳಕೊಂಡಿದ್ದೇವೋ! ಬಸುರಿಯರಿಗೆ ಧನುರ್ವಾಯು ತಡೆಯುವ ಟಿಟಿ ಚುಚ್ಚುಮದ್ದು, ಆಸ್ಪತ್ರೆ ಹೆರಿಗೆ ಬಂದ ಮೇಲೆ, 2015ರಲ್ಲಿ ಭಾರತದಲ್ಲಿ ಬಾಣಂತಿ ಮತ್ತು ಹಸುಗೂಸುಗಳ ಧನುರ್ವಾಯು ನಿರ್ಮೂಲನೆ ಆಗಿದೆ ಅಂತ ಘೋಷಿಸಿದರು. ಮಣ್ಣಲ್ಲಿನ ಸ್ಪೋರ್ ಎಲ್ಲಿಗೂ ಹೋಗಿಲ್ಲ.

ಇದೆಲ್ಲ ಹೇಳುತ್ತಾ ಕೂರೋಕಾಗುತ್ತಾ? "ಆಯಿ, ಮಡೀಲೆ ನೈವೇದ್ಯ ಮಾಡೂ ಮುಂದ ಯಾರರೆ ಮುಟ್ಟಿದ್ರ?" ಅಂದೆ.

"ಮತ್ತ ಜಳಕ ಮಾಡ್ಬೇಕು."

"ಈ ಗಾಯಕ್ಕೂ ಹಂಗೇರಿ. ಆ ಭಸ್ಮ ಎಷ್ಟ್ ಕೈ ದಾಟಿ ಬಂದದ?"

ಚಿಟಿಕೆ ವಾಪಸ್ ಗಂಟಿಗೆ ಹೋಯಿತು. "ಹಂಗಾರ ನಿನ್ ಕೈ?"

ಅವರೆದುರೇ ಹ್ಯಾಂಡ್ ರಬ್, ಅಂದರೆ ಕೈಗೆ ಹಚ್ಚುವ ಸ್ಯಾನಿಟೈಸರ್, ಹಾಕಿ ಉಜ್ಜಿದೆ. ಬೆರಳ ಸಂದು, ಹೆಬ್ಬೆರಳು, ಉಗುರ ತುದಿ, ಒಣಗೋವರೆಗೆ. ಇಪ್ಪತ್ತು ಮೂವತ್ತು ಸೆಕೆಂಡ್ ಬೇಕು. ಆಯಿ ಕಣ್ಣು ಕೀಳದೆ ನೋಡಿದರು.

ಆಮೇಲೆ ಮಡಿಯ ಮಾತು ನನಗೇ ಕಸಿವಿಸಿ ಮಾಡಿತು. ಮಡಿಯವರು ಮುಟ್ಟಿದವರು ಯಾರು ಅಂತ ನೋಡುತ್ತಾರೆ. ನಂಜಿಗೆ ಯಾರ ಕೈ ಆದರೂ ನಡೆಯುತ್ತೆ. ಕಸ ಗುಡಿಸೋ ಅಕ್ಕನ ಕೈಗಿಂತ ರೌಂಡ್ಸಿನಲ್ಲಿ ಮಂಚದಿಂದ ಮಂಚಕ್ಕೆ ಹೋಗೋ ಕೈಯದ್ದೇ ಭಯ ಜಾಸ್ತಿ. 1847ರಲ್ಲಿ ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್ ಎಂಬ ಡಾಕ್ಟರ್, ಹೆಣ ಕೊಯ್ದ ಕೈಯಲ್ಲೇ ಹೆರಿಗೆಗೆ ಬರುತ್ತಿದ್ದವರಿಗೆ ಕ್ಲೋರಿನ್ ದ್ರಾವಣದಲ್ಲಿ ಕೈ ತೊಳೆಸಿದ. ಬಾಣಂತಿಯರ ಸಾವು ಇಳಿಯಿತು. ಆದರೂ ದೊಡ್ಡ ಡಾಕ್ಟರುಗಳು ಬಹಳ ಜನ ಒಪ್ಪಲಿಲ್ಲ. ನಮ್ಮಿಂದಲೇ ಸಾವು ಅಂತ ಯಾರು ಒಪ್ಪುತ್ತಾರೆ? ಈಗಲೂ ಸೀನಿಯರ್ ಒಬ್ಬರಿಗೆ "ಸರ್, ಕೈ" ಅನ್ನೋಕೆ ನಮ್ಮ ಹುಡುಗಿಯರ ಗಂಟಲು ಒಣಗುತ್ತೆ. ಆಯಿ ಮಾತ್ರ ಸಲೀಸಾಗಿ ಕೇಳಿಬಿಟ್ಟರು.

ನಿಜವಾಗಿ ಸಿಟ್ಟು ಬಂದಿದ್ದು ಮಗನ ಮೇಲೆ. ಪುಣೆಯಲ್ಲಿ ದೊಡ್ಡ ಕೆಲಸವಂತೆ. "ಎಲ್ಲಾ ಮೂಢನಂಬಿಕೆ ಅವ್ವಂದು, ಸ್ವಲ್ಪ ಜೋರಾಗಿ ಹೇಳ್ರಿ ಸಿಸ್ಟರ್" ಅಂತ ಇಡೀ ವಾರ್ಡಿಗೆ ಕೇಳುವ ಹಾಗೆ ಅಂದ. ಅವ್ವನಿಗೆ ಎಷ್ಟು ಅವಮಾನ, ಪಾಪ. ಹಿಂದಿನ ಸಂಜೆ ಮನೆಯವರಿಗೆ ಫೋಟೊ ಕಳಿಸೋಕೆ ಅಂತ ಗಾಯದ ಮೇಲಿನ ಗಾಜ್ ಬಟ್ಟೆ ಎತ್ತಿದವನು ಇದೇ ಮಹಾಶಯ, ಅದೂ ಮೊಬೈಲ್ ಹಿಡಿದ ಕೈಯಲ್ಲಿ.

"ಮೊದಲು ನೀವು ಸೋಪು ಹಚ್ಚಿ ಕೈ ತೊಳ್ಕೊಂಡು ಬರ್ರಿ" ಅಂದೆ. ಹೋದಷ್ಟೇ ಬೇಗ ಬಂದ, ಪ್ಯಾಂಟಿಗೆ ಕೈ ಒರೆಸಿಕೊಳ್ಳುತ್ತಾ. ಸೋಪಿನಲ್ಲಿ ತೊಳೆಯೋಕೆ ನಲವತ್ತರಿಂದ ಅರವತ್ತು ಸೆಕೆಂಡ್ ಬೇಕು ಅಂತ ಹೇಳಿ ಮತ್ತೆ ಕಳಿಸಿದೆ.